ಅಕ್ಷರಗಳು ನೋಡದೆ ಬರುತ್ತವೆ, ಅಂಕಿಗೂ ಶಿಫ್ಟ್‌ಗೂ ಇನ್ನೂ ಕೀಬೋರ್ಡ್ ನೋಡಬೇಕು. ಪೂರ್ತಿ ಕೀಬೋರ್ಡ್ ಕಲಿಯಲೇಬೇಕಾ?

ಆನ್‌ಲೈನ್ ಪಾಠ ಮಾಡಿ ಇಂಗ್ಲಿಷ್ ಅಕ್ಷರಗಳೆಲ್ಲ ಕೈಗೆ ಬಂದಿವೆ, ಆದರೆ ಅಂಕಿ, ಚಿಹ್ನೆ, ಶಿಫ್ಟ್ ಬಂದ ಕೂಡಲೇ ಕಣ್ಣು ಕೀಬೋರ್ಡಿಗೆ ಇಳಿಯುತ್ತದೆ, ಆಫೀಸಿನಲ್ಲಿ ಕನ್ನಡವೂ ಬೇಕು, ಇಷ್ಟೇ ಸಾಕಾ ಅಂತ ಕೇಳಿದ್ದೀರಿ. ಸಾಲದು. ನೀವು ಬಿಟ್ಟಿರುವ ಭಾಗವೇ ಕೆಲಸದಲ್ಲಿ ಜಾಸ್ತಿ ಬೇಕಾಗುವುದು.

ನಾನು ಪತ್ರಬರಹಗಾರರೊಬ್ಬರ ಕಚೇರಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ದಿನವಿಡೀ ಇದೇ. ಇವುಗಳಲ್ಲಿ ಮೊದಲ ಪುಟಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಪ್ರಾಣ ಇರುವುದು ಷೆಡ್ಯೂಲ್‌ನಲ್ಲಿ, ಅಂದರೆ ಆಸ್ತಿಯ ವಿವರ ಬರೆಯುವ ಭಾಗದಲ್ಲಿ. 'ಸರ್ವೆ ನಂಬರ್ 45/2, ವಿಸ್ತೀರ್ಣ 1 ಎಕರೆ 20 ಗುಂಟೆ', ಆಮೇಲೆ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳು, ಅಲ್ಲಿ ಮತ್ತೆ ನಂಬರ್‌ಗಳು. ಪಹಣಿ ಎಡಗಡೆ ಇಟ್ಟುಕೊಂಡು ಟೈಪ್ ಮಾಡುವಾಗ ಒಂದೊಂದು ಅಂಕಿಗೂ ಕಣ್ಣು ಕೀಬೋರ್ಡಿಗೆ ಹೋಗಿ ಬಂದರೆ, ವಾಪಸ್ ಬರುವಾಗ ಕೆಳಗಿನ ಸಾಲಿಗೆ ಬಿದ್ದಿರುತ್ತದೆ. 45/2 ಹೋಗಿ 45/3 ಆಗುತ್ತದೆ. ಹೆಸರಿನಲ್ಲಿ ಅಕ್ಷರ ತಪ್ಪಿದರೆ ಓದುವಾಗಲೇ ಕಣ್ಣಿಗೆ ಹೊಡೆಯುತ್ತದೆ. ಅಂಕಿ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ, 45/3 ಕೂಡ ಯಾರದೋ ಜಮೀನೇ ಅಲ್ವಾ? ಅದಕ್ಕೇ ನೋಡದೆ ಟೈಪ್ ಮಾಡುವುದು ಬರೀ ವೇಗದ ಮಾತಲ್ಲ ಅಂತ ನಾನು ಹೇಳುವುದು. ಕಣ್ಣು ಕಾಗದದ ಮೇಲೇ ಇರಬೇಕು, ಅಷ್ಟೇ.

ಇದು ಹಳೇ ಮಾತು ಕೂಡ. 1888ರ ಜುಲೈನಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಒಂದು ಟೈಪಿಂಗ್ ಸ್ಪರ್ಧೆ ನಡೆಯಿತು. ಫ್ರಾಂಕ್ ಮೆಕ್‌ಗರಿನ್ ಅನ್ನುವವರು ಕೀಗಳನ್ನು ನೋಡದೆ ಟೈಪ್ ಮಾಡಿ ಗೆದ್ದರು. ಎದುರಾಳಿ ಲೂಯಿಸ್ ಟ್ರಾಬ್ ನೋಡಿಕೊಂಡು ಟೈಪ್ ಮಾಡುವವರು. ಬಾಯಲ್ಲಿ ಹೇಳಿದ್ದನ್ನು ಟೈಪ್ ಮಾಡುವುದು, ಕಾಗದ ನೋಡಿ ಟೈಪ್ ಮಾಡುವುದು, ಎರಡೂ ಇದ್ದವು. ಮೆಕ್‌ಗರಿನ್ ಕೋರ್ಟಿನಲ್ಲಿ ಶೀಘ್ರಲಿಪಿಕಾರರಾಗಿದ್ದವರು ಅನ್ನುವುದು ನನಗೆ ಖುಷಿ ಕೊಡುವ ವಿಷಯ. ನಮ್ಮಂಥ ಕೆಲಸದವರೇ.

ಈಗ ಅಂಕಿಗಳ ವಿಷಯ. 1 ಎಡ ಕಿರುಬೆರಳಿಗೆ, 2 ಉಂಗುರ ಬೆರಳಿಗೆ, 3 ನಡುಬೆರಳಿಗೆ, 4 ಮತ್ತು 5 ತೋರುಬೆರಳಿಗೆ. ಬಲಗೈಯಲ್ಲಿ 6, 7 ತೋರುಬೆರಳಿಗೆ, 8 ನಡುಬೆರಳಿಗೆ, 9 ಉಂಗುರ ಬೆರಳಿಗೆ, 0 ಕಿರುಬೆರಳಿಗೆ. ಅಂಕಿಯ ಸಾಲು ದೂರ. ಬೆರಳು ಅಲ್ಲಿಗೆ ಹೋಗುವುದು ಕಷ್ಟವಲ್ಲ, ವಾಪಸ್ ಬರುವಾಗ ಒಂದು ಕೀ ಆಚೀಚೆ ಆಗುತ್ತದೆ. ಎಫ್ ಮತ್ತು ಜೆ ಮೇಲೆ ಸಣ್ಣ ಉಬ್ಬು ಇರುವುದು ಇದಕ್ಕೇ. ಇನ್‌ಸ್ಟಿಟ್ಯೂಟ್‌ಗಳಲ್ಲಿ 'ಎ ಎಸ್ ಡಿ ಎಫ್ ಜಿ ಎಫ್' ಅಂತ ಸಾಲುಗಟ್ಟಲೆ ಹೊಡೆಸುತ್ತಾರಲ್ಲ, ಅದೇ ಕ್ರಮದಲ್ಲಿ 'ಎಫ್ 4 ಎಫ್, ಜೆ 7 ಜೆ, ಡಿ 3 ಡಿ, ಕೆ 8 ಕೆ' ಅಂತ ನಿಧಾನಕ್ಕೆ ಹೊಡೆಯಿರಿ. ಪ್ರತಿ ಸಲವೂ ಬೆರಳು ಮನೆಗೆ, ಅಂದರೆ ಮಧ್ಯದ ಸಾಲಿನ ತನ್ನ ಕೀಗೆ, ಬಂದು ಮುಟ್ಟಬೇಕು. ಆಮೇಲೆ 45/2 ಥರದ್ದು. 4, 5 ಎಡ ತೋರುಬೆರಳು, ಸ್ಲ್ಯಾಶ್‌ಗೆ ಬಲ ಕಿರುಬೆರಳು ಕೆಳಗಿಳಿಯಬೇಕು, 2ಕ್ಕೆ ಎಡ ಉಂಗುರ ಬೆರಳು ಮೇಲೆ ಹೋಗಬೇಕು.

ನಿಮ್ಮ ಅಭ್ಯಾಸದ ಸೈಟ್‌ನ ಸೆಟ್ಟಿಂಗ್ಸ್ ಕೂಡ ನೋಡಿ. ಮಂಕಿಟೈಪ್ ಅನ್ನುವ ಟೈಪಿಂಗ್ ಅಭ್ಯಾಸದ ಸೈಟ್‌ನಲ್ಲಿ ಸುಮ್ನೆ ಶುರು ಮಾಡಿದರೆ ಬರೀ ಸಣ್ಣಕ್ಷರದ ಪದಗಳು ಬರುತ್ತವೆ. ಮೇಲೆ ಪಂಕ್ಚುಯೇಷನ್, ನಂಬರ್ಸ್ ಅಂತ ಎರಡು ಆಯ್ಕೆಗಳಿವೆ, ಎರಡನ್ನೂ ಆನ್ ಮಾಡಿ. ವೇಗ ದಿಢೀರ್ ಅಂತ ಇಳಿಯುತ್ತದೆ. ಇಳಿಯಲಿ, ನಿಮ್ಮ ನಿಜವಾದ ವೇಗ ಅದೇ.

ಇನ್ನು ಶಿಫ್ಟ್. ನಿಮ್ಮ ಹಳೇ ಕೀಬೋರ್ಡಿನ ಎರಡೂ ಶಿಫ್ಟ್ ಕೀ ನೋಡಿ. ಎಡಗಡೆಯದು ಸವೆದು ಹೊಳೆಯುತ್ತಾ ಇದ್ದು, ಬಲಗಡೆಯದು ಹೊಸದರ ಹಾಗೇ ಇದ್ದರೆ ಗೊಂದಲ ಅಲ್ಲೇ ಇದೆ. ಅಕ್ಷರ ಎಡಗೈಯದಾದರೆ ಬಲ ಶಿಫ್ಟ್, ಬಲಗೈಯದಾದರೆ ಎಡ ಶಿಫ್ಟ್. ಇಂಗ್ಲಿಷ್‌ನಲ್ಲಿ ಇದನ್ನು ತಪ್ಪಿಸಿಕೊಂಡು ಹೇಗೋ ಬದುಕಬಹುದು, ವಾಕ್ಯಕ್ಕೆ ಒಂದೆರಡು ಸಲ ಅಷ್ಟೇ ದೊಡ್ಡಕ್ಷರ ಬರುವುದು. ಕನ್ನಡದಲ್ಲಿ ಆಗುವುದಿಲ್ಲ.

ಸರ್ಕಾರಿ ಕೆಲಸಗಳಲ್ಲಿ ಬಳಕೆಯಲ್ಲಿರುವ 'ನುಡಿ' ಅನ್ನುವ ಕನ್ನಡ ತಂತ್ರಾಂಶದ ಕೀಬೋರ್ಡ್ ವಿನ್ಯಾಸ ಕೆ. ಪಿ. ರಾವ್ ಅವರು ರೂಪಿಸಿದ್ದು. ಅದರಲ್ಲಿ ದೀರ್ಘಗಳು, ಮಹಾಪ್ರಾಣಗಳು, ಣ, ಳ, ಶ, ಅನುಸ್ವಾರದ ಸೊನ್ನೆ (ಂ), ಎಲ್ಲಕ್ಕೂ ಶಿಫ್ಟ್ ಬೇಕು. 'ಬಾಳೆಹಣ್ಣು' ಅನ್ನುವ ಪದ ನೋಡಿ. ಬಿ ಒತ್ತಿದರೆ ಬ. ದೀರ್ಘಕ್ಕೆ ಎ ಕೀ, ಅದು ಎಡ ಕಿರುಬೆರಳಿನದು, ಹಾಗಾಗಿ ಬಲ ಶಿಫ್ಟ್. ಕೂಡಲೇ ಳ ಬರುತ್ತದೆ, ಅದು ಎಲ್ ಕೀ, ಈಗ ಎಡ ಶಿಫ್ಟ್. ಇ, ಎಚ್ ಬರಿಗೈಯಲ್ಲಿ. ಮತ್ತೆ ಎಡ ಶಿಫ್ಟ್ ಹಿಡಿದು ಎನ್, ಣ ಬಂತು. ಶಿಫ್ಟ್ ಬಿಟ್ಟು ಎಫ್, ಒತ್ತಕ್ಷರಕ್ಕೆ. ಪುನಃ ಶಿಫ್ಟ್ ಹಿಡಿದು ಎನ್. ಕೊನೆಗೆ ಯು. ಈ ಒಂದು ಪದ ತಡವರಿಸದೆ ಬಂದರೆ ನಿಮ್ಮ ಎರಡೂ ಕಿರುಬೆರಳು ಪಳಗಿವೆ ಅಂತ ಅರ್ಥ. ನಾನು ಹೊಸಬರಿಗೆ ಮೊದಲು ಕೊಡುವ ಪದ ಇದೇ.

ಈ ವಿನ್ಯಾಸದಲ್ಲಿ ನನಗೆ ತುಂಬಾ ಹಿಡಿಸುವುದು ಎಫ್ ಕೀ. ಕನ್ನಡದಲ್ಲಿ ಒತ್ತಕ್ಷರ ಇಲ್ಲದ ಸಾಲೇ ಅಪರೂಪ. ಅದಕ್ಕೆ ಬೇಕಾದ ಕೀ ಎಡ ತೋರುಬೆರಳಿನ ಕೆಳಗೇ, ಉಬ್ಬಿರುವ ಕಡೆಯೇ ಇದೆ. 'ಕನ್ನಡ' ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು (ಡ ಇರುವುದು ಅಲ್ಲೇ), ಐದೇ ಕೀ ಒತ್ತಿದರೆ ಸಾಕು. ವ್ಯಂಜನದ ಜೊತೆಗೇ ಅಕಾರ ಇರುವುದರಿಂದ ಪದದ ಮಧ್ಯೆ ಎ ಒತ್ತುವ ಕೆಲಸ ಇಲ್ಲ. ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ರೂಢಿಯಾದವರಿಗೆ ಮೊದಮೊದಲು ಬೆರಳು ತಾನಾಗಿ ಎ ಕಡೆ ಹೋಗುತ್ತದೆ. ಸ್ವಲ್ಪ ದಿನಕ್ಕೆ ಸರಿಹೋಗುತ್ತದೆ.

ನೀವು ಈಗಾಗಲೇ ಇನ್‌ಸ್ಕ್ರಿಪ್ಟ್ ಅನ್ನುವ ಇನ್ನೊಂದು ಕೀಬೋರ್ಡ್ ವಿನ್ಯಾಸ ಕಲಿತಿದ್ದರೆ ಅದನ್ನೇ ಇಟ್ಟುಕೊಳ್ಳಿ, ಅದೂ ಒಳ್ಳೆಯದೇ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ ಬರುವುದರಿಂದ ಕೈ ಬದಲಾಗುತ್ತಾ ಹೋಗುತ್ತದೆ. ಆದರೆ ಅಲ್ಲಿ ಸ್ಲ್ಯಾಶ್ ಕೀಯಲ್ಲಿ ಯ ಕೂತಿದೆ. ಸರ್ವೆ ನಂಬರ್ ಬರೆಯುವ ನಮ್ಮಂಥವರು ಬಲಗಡೆಯ ನಂಬರ್ ಪ್ಯಾಡಿನ ಸ್ಲ್ಯಾಶ್ ಬಳಸಬೇಕಾಗುತ್ತದೆ. ಆ ಪ್ಯಾಡಿನಲ್ಲಿ 5ರ ಮೇಲೆ ಉಬ್ಬು ಇದೆ, ನಡುಬೆರಳು ಅಲ್ಲಿ. ಪಟ್ಟಿಗಟ್ಟಲೆ ಅಂಕಿ ಇದ್ದರೆ ಪ್ಯಾಡ್ ಸರಿ, ವಾಕ್ಯದ ಮಧ್ಯೆ ಬರುವ ಅಂಕಿಗೆ ಮೇಲಿನ ಸಾಲೇ ಸರಿ. ರೂಪಾಯಿ ಚಿಹ್ನೆಗೆ, ವಿಂಡೋಸ್‌ನಲ್ಲಿ ಇಂಗ್ಲಿಷ್ ಇಂಡಿಯಾ ಕೀಬೋರ್ಡ್ ಹಾಕಿಕೊಂಡಿದ್ದರೆ ಬಲ ಆಲ್ಟ್ ಜೊತೆ 4.

ಕೊನೆಯದಾಗಿ, ಸ್ಕ್ರೀನ್ ಮೇಲೆ ಬರುವ ಪದ ನೋಡಿ ಮಾಡುವ ಅಭ್ಯಾಸ ಅರ್ಧ ಸಮಯಕ್ಕೆ ಮಾತ್ರ ಇರಲಿ. ಉಳಿದರ್ಧ ಕಾಗದ ನೋಡಿ ಮಾಡಿ. ದಿನಪತ್ರಿಕೆಯ ಮಾರುಕಟ್ಟೆ ಧಾರಣೆಯ ಅಂಕಣ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಡಿಕೆ ಧಾರಣೆ ತೆಗೆದುಕೊಳ್ಳಿ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗಳು, ಒಂದೊಂದರ ಮುಂದೆಯೂ ಕನಿಷ್ಠ ದರ, ಗರಿಷ್ಠ ದರ. ಕನ್ನಡ ಪದ, ಉದ್ದ ಅಂಕಿ, ಅಡ್ಡಗೆರೆ ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ, ದಿನಾ ಬದಲಾಗುವುದರಿಂದ ಬಾಯಿಪಾಠವೂ ಆಗುವುದಿಲ್ಲ. ಟೈಪ್ ಮಾಡುವಾಗ ಸ್ಕ್ರೀನನ್ನೂ ನೋಡಬೇಡಿ. ಅಂಕಣ ಮುಗಿದ ಮೇಲೆ ಪೇಪರ್ ಪಕ್ಕ ಇಟ್ಟು ಒಂದೊಂದೇ ಅಂಕಿ ತಾಳೆ ನೋಡಿ, ತಪ್ಪಿದ ಅಂಕಿಗೆ ಸುತ್ತು ಹಾಕಿ. ಯಾವ ಬೆರಳು ಎಡವುತ್ತಿದೆ ಅಂತ ಒಂದು ವಾರದಲ್ಲೇ ಗೊತ್ತಾಗುತ್ತದೆ, ಮರುದಿನದ ಅಭ್ಯಾಸ ಆ ಬೆರಳಿಂದಲೇ ಶುರು ಮಾಡಿ.