‘ಬಾರ್ನ್ ಟು ರನ್’: ಅವರಿಬ್ಬರೂ ಕೊನೆಗೆ ಊರು ಬಿಟ್ಟರಾ?

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ಈ ಹಾಡಿನಲ್ಲಿ ಒಬ್ಬ ಹುಡುಗ ತನ್ನ ಹುಡುಗಿ ವೆಂಡಿಯನ್ನು ಊರು ಬಿಟ್ಟು ಹೋಗೋಣ ಅಂತ ಕರೆಯುತ್ತಾನೆ. ಕೊನೆಗೆ ಹೊರಟರಾ ಅನ್ನುವ ನಿಮ್ಮ ಗೊಂದಲಕ್ಕೆ ಕಾರಣ ರಾಗದ ಹುರುಪು. ಆ ಅಬ್ಬರಕ್ಕೆ ಇಬ್ಬರೂ ಹೊರಟೇಬಿಟ್ಟರು ಅನ್ನಿಸುತ್ತೆ, ಸಾಹಿತ್ಯದಲ್ಲಿ ಎಲ್ಲೂ ಹಾಗಿಲ್ಲ. ಮೊದಲು ಸಾಲುಗಳನ್ನಷ್ಟೇ ಓದಿ: ವೆಂಡಿಯನ್ನು ಅವನು ಕರೆಯುತ್ತಾನೆ, ಬೇಡಿಕೊಳ್ಳುತ್ತಾನೆ, ಅವಳ ಉತ್ತರ ಒಂದೂ ಇಲ್ಲ. ಆಮೇಲೆ, ಸ್ವರಗಳು ಮೆಟ್ಟಿಲಿಳಿದಂತೆ ಕೆಳಕ್ಕೆ ಜಾರಿ, ಸ್ಪ್ರಿಂಗ್‌ಸ್ಟೀನ್ ಒಂದರಿಂದ ನಾಲ್ಕು ಎಣಿಸುವ ಜಾಗದಿಂದ ಕೇಳಿ. ತಕ್ಷಣ ಬರುವುದು ಸೋತವರಿಂದ ಕಿಕ್ಕಿರಿದ ಹೆದ್ದಾರಿಯ ಚಿತ್ರ. ತಪ್ಪಿಸಿಕೊಳ್ಳುವ ದಾರಿಯೇ ತುಂಬಿಹೋಗಿದೆ! ನನ್ನ ಪ್ರಕಾರ ಹಾಡಿನ ತಿರುಳು ಇಲ್ಲೇ ಇದೆ. ಮೊದಲ ಚರಣದ ಹೈವೇ 9 ನಿಜವಾದ ರಸ್ತೆ, ನ್ಯೂಜೆರ್ಸಿಯಲ್ಲಿ ಸ್ಪ್ರಿಂಗ್‌ಸ್ಟೀನ್ ಬೆಳೆದ ಫ್ರೀಹೋಲ್ಡ್ ಊರಿನ ಪಕ್ಕದಲ್ಲೇ ಹಾದುಹೋಗುತ್ತದೆ. ತಲುಪಬೇಕಾದ ಜಾಗಕ್ಕೆ ಮಾತ್ರ ಹೆಸರಿಲ್ಲ, ಯಾವಾಗ ತಲುಪುತ್ತೇವೆ ಅಂತ ಆ ಹುಡುಗನಿಗೂ ಗೊತ್ತಿಲ್ಲ. ಹೊರಟರೋ ಇಲ್ಲವೋ, 1975ರ ಈ ಹಾಡು ಬಿಡಿಸಿ ಹೇಳುವುದಿಲ್ಲ. ಕೊನೇ ಚರಣವನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ.