ವಕೀಲರಿರುವಾಗ ಕಕ್ಷಿದಾರರು ನ್ಯಾಯಾಧೀಶರ ಮುಂದೆ ಮಾತನಾಡಬಹುದೇ?

ಪ್ರಶ್ನೆ: ತಂದೆಯವರ ಜಮೀನಿನಲ್ಲಿ ಪಾಲು ಕೇಳಿ ಅಣ್ಣನ ಮೇಲೆ ವಿಭಾಗ ದಾವೆ ಹೂಡಿ ನಾಲ್ಕು ವರ್ಷಗಳಾದವು. ಪ್ರತಿ ವಾಯಿದೆಗೂ ತಪ್ಪದೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಕಳೆದ ವಾಯಿದೆಯಲ್ಲಿ ಎದುರು ಪಕ್ಷದ ವಕೀಲರು ‘ಬಾವಿ ತೋಡಿಸಿದ್ದು ಪ್ರತಿವಾದಿಯ ಸ್ವಂತ ದುಡ್ಡಿನಲ್ಲಿ’ ಎಂದಾಗ ತಡೆಯಲಾರದೆ ಎದ್ದುನಿಂತು ‘ಸುಳ್ಳು ಸ್ವಾಮಿ’ ಎಂದುಬಿಟ್ಟೆ. ‘ಏನಿದ್ದರೂ ನಿಮ್ಮ ವಕೀಲರ ಮೂಲಕ ಹೇಳಿ’ ಎಂದು ನ್ಯಾಯಾಧೀಶರು ಕೂರಿಸಿದರು. ನನ್ನ ಕೇಸಿನಲ್ಲಿ ನಾನೇ ಮಾತನಾಡಬಾರದೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ನಿಮ್ಮನ್ನು ಕೂರಿಸಿದ್ದನ್ನು ಅವಮಾನವೆಂದು ಭಾವಿಸಬೇಡಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೆಯ ಆದೇಶದ 1ನೆಯ ನಿಯಮದಂತೆ ಕಕ್ಷಿದಾರರು ತಾವೇ ಹಾಜರಾಗಿ ಕೇಸು ನಡೆಸಬಹುದು, ಇಲ್ಲವೇ ಮಾನ್ಯತೆಯುಳ್ಳ ಪ್ರತಿನಿಧಿ ಅಥವಾ ವಕೀಲರ ಮೂಲಕ ನಡೆಸಬಹುದು. ವಕಾಲತ್ತಿಗೆ ಸಹಿ ಹಾಕಿದ ದಿನವೇ ನೀವು ವಕೀಲರ ದಾರಿಯನ್ನು ಆರಿಸಿಕೊಂಡಿರಿ. ಅದೇ ಆದೇಶದ 4ನೆಯ ನಿಯಮದ ಪ್ರಕಾರ, ನ್ಯಾಯಾಲಯದ ಅನುಮತಿ ಪಡೆದು ಲಿಖಿತವಾಗಿ ಕೊನೆಗೊಳಿಸುವವರೆಗೆ, ಅಥವಾ ಇಬ್ಬರಲ್ಲೊಬ್ಬರು ತೀರಿಕೊಳ್ಳುವವರೆಗೆ, ಅಥವಾ ಪ್ರಕರಣ ಪೂರ್ಣವಾಗಿ ಮುಗಿಯುವವರೆಗೆ ಆ ವಕಾಲತ್ತು ಜಾರಿಯಲ್ಲಿರುತ್ತದೆ. ಅದು ಜಾರಿಯಲ್ಲಿರುವಾಗ ವಾದ ಮಂಡಿಸುವವರು ವಕೀಲರು. ನಡುವೆ ನಿಮ್ಮ ಮಾತಿಗೆ ಅವಕಾಶ ಕೊಡುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು, ಹಕ್ಕಿನಿಂದ ಕೇಳಿ ಪಡೆಯುವಂಥದ್ದಲ್ಲ.

ಹಾಗೆಂದು ಕಾನೂನು ಕಕ್ಷಿದಾರರ ಬಾಯಿ ಕಟ್ಟಿಲ್ಲ. ವಿವಾದದ ತಿರುಳನ್ನು ತಿಳಿಯಲು ನ್ಯಾಯಾಲಯದಲ್ಲಿ ಹಾಜರಿರುವ ಕಕ್ಷಿದಾರರನ್ನೇ ನೇರವಾಗಿ ಪ್ರಶ್ನಿಸಲು 10ನೆಯ ಆದೇಶ ಅವಕಾಶ ಕೊಡುತ್ತದೆ. ಮುಖ್ಯವಾದ ಪ್ರಶ್ನೆಗೆ ವಕೀಲರು ಉತ್ತರಿಸಲಾಗದಿದ್ದರೆ ಕಕ್ಷಿದಾರರೇ ಬರಬೇಕೆಂದು ನ್ಯಾಯಾಲಯ ಆದೇಶಿಸಲೂಬಹುದು. ರಾಜಿ ಸಂಧಾನದಲ್ಲಂತೂ ನಿಮ್ಮ ಮಾತೇ ಮುಖ್ಯ. ಕೌಟುಂಬಿಕ ನ್ಯಾಯಾಲಯದ ರೀತಿ ಬೇರೆಯೇ: 1984ರ ಕಾಯ್ದೆಯ 13ನೆಯ ಕಲಮಿನಂತೆ ಅಲ್ಲಿ ವಕೀಲರನ್ನು ಇಟ್ಟುಕೊಳ್ಳುವುದೇ ಹಕ್ಕಲ್ಲ.

ಆದರೆ ನಿಮ್ಮಂಥ ದಾವೆಯಲ್ಲಿ ಕಕ್ಷಿದಾರರ ಮಾತಿಗೆ ನಿಜವಾದ ತೂಕವಿರುವುದು ಸಾಕ್ಷಿ ಕಟಕಟೆಯಲ್ಲಿ. ಅಲ್ಲಿ ನೀವು ಪ್ರಮಾಣ ಮಾಡಿ ಹೇಳಿದ್ದು, ಪಾಟೀಸವಾಲಿಗೆ ಕೊಟ್ಟ ಉತ್ತರ ಎಲ್ಲವೂ ದಾಖಲಾಗುತ್ತದೆ, ತೀರ್ಪಿನಲ್ಲಿ ಚರ್ಚೆಗೆ ಬರುತ್ತದೆ. ಹಿಂದಿನ ಬೆಂಚಿನಿಂದ ಕೂಗಿದ ‘ಸುಳ್ಳು ಸ್ವಾಮಿ’ ಸಾಕ್ಷ್ಯವಾಗುವುದಿಲ್ಲ.

ದಾಖಲಾಗದಿದ್ದರೆ ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತೆಂದು ನಾನು ಹೇಳುತ್ತೇನೆ, ಏಕೆಂದರೆ ಸಿಟ್ಟಿನಲ್ಲಿ ಆಡಿದ ಮಾತು ಅರ್ಧ ಒಪ್ಪಿಗೆಯಾಗಿ ತಿರುಗುವುದುಂಟು. ‘ಅಣ್ಣ ದುಡ್ಡು ಕೊಟ್ಟಿದ್ದು ನಿಜ, ಆದರೆ ಅದು ಮನೆಯ ಅಡಿಕೆ ಮಾರಿ ಬಂದದ್ದು’ ಎಂದು ನೀವು ಹೇಳಿದಿರೆನ್ನಿ. ಎದುರು ವಕೀಲರು ಹಿಡಿದುಕೊಳ್ಳುವುದು ಮೊದಲ ಅರ್ಧವನ್ನು; ಎರಡನೆಯ ಅರ್ಧವನ್ನು ರುಜುವಾತುಪಡಿಸುವ ಹೊರೆ ನಿಮ್ಮ ತಲೆಗೆ ಬೀಳುತ್ತದೆ. ಬಾಯಿಮಾತಿನಲ್ಲಿ ಒಪ್ಪಿಕೊಂಡ ಸಂಗತಿಯನ್ನು ಆಧರಿಸಿಯೂ ತೀರ್ಪು ಕೊಡಲು 12ನೆಯ ಆದೇಶದ 6ನೆಯ ನಿಯಮದಲ್ಲಿ ಅವಕಾಶವಿದೆ.

ನಿಮ್ಮ ವಕೀಲರೇ ನಿಮ್ಮ ಮಾತನ್ನು ಕಿವಿಗೆ ಹಾಕಿಕೊಳ್ಳುತ್ತಿಲ್ಲವೆಂದಾದರೆ ಅದು ಬೇರೆಯ ದೂರು, ಅದಕ್ಕೆ ದಾರಿಯೂ ಬೇರೆ. ಕಕ್ಷಿದಾರರ ಹಕ್ಕಿಗೆ ಧಕ್ಕೆ ತರುವಂಥ ಯಾವುದನ್ನೂ ಅವರ ಸ್ಪಷ್ಟ ಸೂಚನೆಯಿಲ್ಲದೆ ವಕೀಲರು ಬಿಟ್ಟುಕೊಡಬಾರದೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹಿಮಾಲಯನ್ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಹೇಳಿದೆ. ವಕೀಲರನ್ನು ಬದಲಿಸಬಹುದು, ಬಾಕಿ ಶುಲ್ಕಕ್ಕಾಗಿ ಕೇಸಿನ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು ಅದೇ ನ್ಯಾಯಾಲಯ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಮಾನಿಸಿದೆ. ವಕಾಲತ್ತನ್ನು ಹಿಂಪಡೆದು ಸ್ವತಃ ವಾದಿಸಲೂ ಬಹುದು, ಆದರೆ ಪಾಟೀಸವಾಲನ್ನು ನೀವೇ ನಡೆಸಬೇಕಾಗುತ್ತದೆ. ನಾಲ್ಕು ವರ್ಷ ನಡೆದ ದಾವೆಯಲ್ಲಿ ಈ ದಾರಿಯನ್ನು ನಾನು ಸೂಚಿಸಲಾರೆ.

ಸದ್ಯಕ್ಕೆ ಬಾವಿ ತೋಡಿಸಿದ ವರ್ಷದ ಪಹಣಿ, ಪಂಪ್‌ಸೆಟ್ಟಿನ ವಿದ್ಯುತ್ ಸಂಪರ್ಕದ ಕಾಗದ, ಆ ಕಾಲದ ಸಾಲದ ರಸೀದಿ ಅಥವಾ ಅಡಿಕೆ ಮಾರಿದ ಲೆಕ್ಕ ಸಿಕ್ಕರೆ ಹುಡುಕಿ, ಮುಂದಿನ ವಾಯಿದೆಗೆ ನಾಲ್ಕು ದಿನ ಮೊದಲೇ ವಕೀಲರ ಕಚೇರಿಗೆ ಒಯ್ದು ಕೊಡಿ. ಕಲಾಪದ ನಡುವೆ ಏನಾದರೂ ಹೊಳೆದರೆ ಚೀಟಿಯಲ್ಲಿ ಬರೆದು ಅವರ ಕೈಗೆ ದಾಟಿಸಿ.