ಸೇಡಂ ರಸ್ತೆ ಕಡೆ ಬಿ-ಖಾತಾ ಪ್ಲಾಟ್: ಈಗ ತಗೋಬೇಕಾ?

ಕಲಬುರಗಿಯ ಸೇಡಂ ರಸ್ತೆ ಕಡೆ 30×40 ಪ್ಲಾಟ್, ಬಿ-ಖಾತಾ (ಮಂಜೂರಿ ಇಲ್ಲದ ಆಸ್ತಿಗೆ ಕೊಡೋ ಖಾತಾ) ಅದ, 18 ಲಕ್ಷ ಹೇಳ್ಯಾರ, ಈಗ ತಗೊಳ್ಳಲ್ಯಾ ಕಾಯಲ್ಯಾ ಅಂತ ಕೇಳೀರಿ. ನೋಡ್ರಿ ಸರ್, ರೇಟಿಗಿಂತ ಮೊದಲು ಕಾಗದ ನೋಡ್ರಿ.

2024ರ ಅಕ್ಟೋಬರ್‌ನಿಂದ ಇ-ಖಾತಾ (ಆನ್‌ಲೈನ್ ಖಾತಾ) ಇಲ್ಲದೆ ನೋಂದಣಿ ಆಗಂಗಿಲ್ಲ. ಹಿಂಗಾಗಿ ಎನ್‌ಎ (ಹೊಲ ಕೃಷಿಯೇತರ ಜಾಗ ಅಂತ ಬದಲಾಗೋದು) ಆಗಿ, ಲೇಔಟ್ ಮಂಜೂರಾದ ಪ್ಲಾಟಿನ ಮಾಲಕರು ರೇಟ್ ಬಿಗಿ ಹಿಡದಾರ. ಬಿ-ಖಾತಾ ಕೊಡೋದು ತೆರಿಗೆ ಕಟ್ಟಿಸ್ಕೊಳ್ಳಾಕ. ಲೇಔಟ್ ಸಕ್ರಮ ಆತು ಅಂತ ಅರ್ಥ ಅಲ್ಲ. ಏಜೆಂಟರು ಈ ಮಾತು ಮಾತ್ರ ನುಂಗಿಬಿಡ್ತಾರ! ಬಹಳಷ್ಟು ಬ್ಯಾಂಕಿನವರು ಸಾಲ ಕೊಡಲಾಕ ಹಿಂದೇಟು ಹಾಕ್ತಾರ. ಅಂದ್ರ ನಾಳೆ ನೀವು ಮಾರಲಾಕ ಹೋದ್ರೂ ನಗದು ಗಿರಾಕಿನೇ ಹುಡುಕಬೇಕು. ಎ-ಖಾತಾ, ಅಂದ್ರ ಮಂಜೂರಾದ ಪ್ಲಾಟಿನ ರೇಟು ಹೇಳಿ ಬಿ-ಖಾತಾ ಮಾರ್ತಿದ್ರ ಎದ್ದು ಬರ್ರಿ.

ಇನ್ನೊಂದು, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದಿದ್ದು ಶೇ 2 ಆಗ್ಯಾದ. 18 ಲಕ್ಷಕ್ಕ 36 ಸಾವಿರ, ಸ್ಟ್ಯಾಂಪ್ ಡ್ಯೂಟಿ ಬ್ಯಾರೆ.

ಮನಿ ಕಟ್ಟೋ ವಿಚಾರ ಇದ್ರ ಮಣ್ಣೂ ನೋಡ್ರಿ. ನಮ್ಮ ಕಡಿ ಎರಿಮಣ್ಣು ಮಳಿಗಾಲದಾಗ ಉಬ್ಬಿ, ಬ್ಯಾಸಗ್ಯಾಗ ಕೈ ಹೋಗುವಷ್ಟು ಬಿರೀತದ. ಬುನಾದಿ ಮೇಲಮೇಲೆ ಹಾಕಿದ್ರ ಕಿಟಕಿ ಮೂಲಿಯಿಂದ ಗೋಡಿ ಸೀಳ್ತದ. ಗಟ್ಟಿ ಮೊರಂ ಎಷ್ಟು ಆಳಕ್ಕ ಸಿಗ್ತದ ಅಂತ ಬಾಜೂಕ ಕಟ್ಟಿದವರ್ನ ಕೇಳ್ರಿ. ಆ ಖರ್ಚು ಹಿಡಕೊಂಡೇ ರೇಟ್ ಮಾತಾಡ್ರಿ.

ಎನ್‌ಎ ಆದೇಶ, ಇಸಿ (ಋಣಭಾರ ಪತ್ರ) ಕೈಗೆ ಬರೋತನಕ ಟೋಕನ್ ಅಂತ ಒಂದು ರೂಪಾಯಿನೂ ಕೊಡಬ್ಯಾಡ್ರಿ.